ಪಫ್ ಪ್ಯಾನೆಲ್ ಕಟ್ಟಡಕ್ಕೆ ಕಂಬ ಯಾವುದು? ಉಕ್ಕೋ, ಪದರಮರವೋ?



ಈ ಸಲ ಬಂದ ಪತ್ರಗಳಲ್ಲಿ ಹಾಡಿನ ಕೋರಿಕೆಗಳ ನಡುವೆ ಎರಡು ಬೇರೆ ಥರದವು ಇದ್ದವು. ಒಂದು, ಮುಂಬಯಿ ಉಪನಗರದ ಕನ್ನಡ ಸಂಘವೊಂದರ ಕಾರ್ಯದರ್ಶಿಯವರದು. ಸಂಘದ ಕಟ್ಟಡದ ತಾರಸಿಯ ಮೇಲೆ ಇಪ್ಪತ್ತಕ್ಕೆ ನಲವತ್ತಡಿ ಅಳತೆಯ ಹಾಲ್ ಎಬ್ಬಿಸಬೇಕಂತೆ. ಭಾನುವಾರ ಬೆಳಿಗ್ಗೆ ಮಕ್ಕಳ ಕನ್ನಡ ತರಗತಿ, ಸಂಜೆ ಯಕ್ಷಗಾನದ ಅಭ್ಯಾಸ. ದೇಣಿಗೆ ಕೂಡಿದೆ, ಇನ್ನೊಮ್ಮೆ ಕೂಡುವುದು ಕಷ್ಟ. ಇನ್ನೊಂದು, ನಿವೃತ್ತಿಯ ನಂತರ ಕುಂದಾಪುರದ ಕಡೆ ತಮ್ಮ ಜಾಗದಲ್ಲಿ ಚಿಕ್ಕ ಮನೆ ಕಟ್ಟಿಕೊಳ್ಳಬೇಕೆಂದಿರುವ ದಂಪತಿಗಳದ್ದು. ಇಬ್ಬರದೂ ಒಂದೇ ಪ್ರಶ್ನೆ. ಗೋಡೆ, ಮಾಡು ಎರಡಕ್ಕೂ ಪಫ್ ಪ್ಯಾನೆಲ್ ಎಂದು ನಿರ್ಧಾರವಾಗಿದೆ. ಅದನ್ನು ಹೊರುವ ಕಂಬ, ತೊಲೆ ಯಾವುದಿರಬೇಕು? ಫ್ಯಾಬ್ರಿಕೇಟರ್ ಉಕ್ಕು ಅನ್ನುತ್ತಾನೆ, ಆರ್ಕಿಟೆಕ್ಟ್ ಪದರಮರ ಅನ್ನುತ್ತಾರೆ.

ಎರಡು ಪತ್ರಕ್ಕೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ನೋಡೋಣ.

ಪಫ್ ಪ್ಯಾನೆಲ್ ಅಂದರೆ ಎರಡು ತೆಳು ಉಕ್ಕಿನ ತಗಡು, ನಡುವೆ ಪಾಲಿಯುರಿಥೇನ್ ನೊರೆ. ಬಿಸ್ಕತ್ತಿನ ನಡುವೆ ಕ್ರೀಮ್ ಇದ್ದ ಹಾಗೆ. ನೊರೆ ಬಿಸಿಲನ್ನು ತಡೆಯುತ್ತದೆ, ತಗಡು ಮಳೆಯನ್ನು ತಡೆಯುತ್ತದೆ. ಆದರೆ ಇದು ಇಟ್ಟಿಗೆ ಗೋಡೆಯ ಹಾಗೆ ಮಾಡನ್ನು ಹೊತ್ತು ನಿಲ್ಲುವ ವಸ್ತು ಅಲ್ಲ. ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯ ಉತ್ಪನ್ನ ಪ್ರಯೋಗಾಲಯದವರು 1935ರಲ್ಲೇ ಭಾರ ಹೊರುವ ಮರದ ಪ್ಯಾನೆಲ್ಲುಗಳಿಂದ ಒಂದು ಮನೆ ಕಟ್ಟಿ ಪರೀಕ್ಷೆ ಮಾಡಿದ್ದರು. ಆ ವಂಶದ ಪ್ಯಾನೆಲ್ಲುಗಳು ಅಲ್ಲಿ ಈಗಲೂ ಇವೆ. ನಮ್ಮಲ್ಲಿ ಸಿಗುವ ತಗಡಿನ ಪ್ಯಾನೆಲ್ ಅದಲ್ಲ, ಇದಕ್ಕೆ ಚೌಕಟ್ಟು ಬೇಕೇ ಬೇಕು. ನಮ್ಮ ಹಳೆಯ ಮನೆಗಳ ಲೆಕ್ಕ ನೆನಪಿಸಿಕೊಳ್ಳಿ. ಮೂರಂಕಣದ ಮನೆ, ಐದಂಕಣದ ಮನೆ ಅನ್ನುತ್ತಿದ್ದರು. ಅಂಕಣ ಎಂದರೆ ಎರಡು ಕಂಬಗಳ ನಡುವಿನ ಜಾಗ. (ಪತ್ರಿಕೆಯ ಅಂಕಣ ಆಮೇಲೆ ಬಂದದ್ದು.) ಮನೆಯನ್ನು ಅಳೆಯುತ್ತಿದ್ದುದು ಗೋಡೆಯಿಂದಲ್ಲ, ಕಂಬದಿಂದ. ಪ್ಯಾನೆಲ್ ಕಟ್ಟಡ ಮತ್ತೆ ಅದೇ ಲೆಕ್ಕಕ್ಕೆ ಬಂದು ನಿಂತಿದೆ.

ಈಗ ಪದರಮರ. ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ನಮ್ಮ ಊರಿನ ಅಂಗಡಿಗಳಲ್ಲಿ ಲ್ಯಾಮಿನೇಟ್ ಅಂದರೆ ಸನ್‌ಮೈಕಾ ಅಂಟಿಸಿದ ಹಲಗೆ. ಅದು ವಾರ್ಡ್‌ರೋಬಿಗೆ. ಕಟ್ಟಡದವರು ಗ್ಲೂಲ್ಯಾಮ್ ಅನ್ನುವುದು ಬೇರೆಯದು. ಒಣಗಿಸಿದ ತೆಳು ಹಲಗೆಗಳನ್ನು, ಎಲ್ಲದರ ಎಳೆಯೂ ಉದ್ದಕ್ಕೆ ಒಂದೇ ದಿಕ್ಕಿಗೆ ಬರುವಂತೆ ಒಂದರ ಮೇಲೊಂದು ಜೋಡಿಸಿ, ನೀರಿಗೆ ಬಿಡದ ಅಂಟು ಹಾಕಿ ಒತ್ತಿ ಮಾಡಿದ ತೊಲೆ ಅದು. ಜರ್ಮನಿಯ ಬಡಗಿ ಒಟ್ಟೊ ಹೆಟ್ಜರ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಒಂದೇ ಮರದಲ್ಲಿ ಗಂಟು, ಬಿರುಕು ಒಂದೆಡೆ ಸೇರಿಕೊಂಡು ತೊಲೆಯನ್ನು ದುರ್ಬಲ ಮಾಡುತ್ತವೆ. ಪದರಗಳಲ್ಲಿ ಅವು ಚದುರಿಹೋಗುತ್ತವೆ, ಹಾಗಾಗಿ ಬಲ ನಂಬಿಕೆಗೆ ತಕ್ಕುದಾಗಿರುತ್ತದೆ. ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್‌ಟಾರ್ನೆಟ್ ಎಂಬ 18 ಅಂತಸ್ತಿನ ಕಟ್ಟಡ ಇಂಥ ಕಂಬ ತೊಲೆಗಳ ಮೇಲೆಯೇ ನಿಂತಿದೆ. ಅದರ ಎತ್ತರ 85 ಮೀಟರಿಗೂ ಹೆಚ್ಚು. ಹಾಗಾಗಿ "ಮರ ಅಂದರೆ ಬಲವಿಲ್ಲ" ಎಂಬ ಮಾತನ್ನು ಇಲ್ಲಿಗೇ ಬಿಡೋಣ.

ಸಂಘದ ತಾರಸಿಗೆ ಬರೋಣ. ಕಾರ್ಯದರ್ಶಿಗಳೇ, ನಿಮ್ಮ ಪತ್ರದಲ್ಲಿ "ಪ್ಯಾನೆಲ್ ಹಗುರ, ಏನೂ ತೊಂದರೆಯಿಲ್ಲವಂತೆ" ಎಂದು ಬರೆದಿದ್ದೀರಿ. ತೊಂದರೆ ಇರುವುದೇ ಅಲ್ಲಿ.

ಅರ್ಧ ಮಿಲಿಮೀಟರಿನ ಎರಡು ತಗಡು, ನಡುವೆ 50 ಮಿಲಿಮೀಟರ್ ನೊರೆ ಇರುವ ಪ್ಯಾನೆಲ್ ಒಂದು ಚದರ ಮೀಟರಿಗೆ ಸುಮಾರು 10 ಕಿಲೊ ತೂಗುತ್ತದೆ. ಐದಂಗುಲದ ಕಾಂಕ್ರೀಟ್ ಚಾವಣಿ 300 ಕಿಲೊ ಮೀರುತ್ತದೆ. ಕಾಂಕ್ರೀಟ್ ಚಾವಣಿಯನ್ನು ಗಾಳಿ ಎತ್ತುವುದಿಲ್ಲ, ಅದರ ತೂಕವೇ ಅದಕ್ಕೆ ಕಾವಲು. ಪ್ಯಾನೆಲ್ಲಿಗೆ ಆ ಕಾವಲಿಲ್ಲ. ಮಾಡಿನ ಮೇಲೆ ಗಾಳಿ ಜೋರಾಗಿ ಹಾಯುವಾಗ ಅದು ಮಾಡನ್ನು ಕೆಳಗೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಮಳೆಯಲ್ಲಿ ಕೊಡೆ ತಿರುಗಿಬೀಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಎಷ್ಟು ಹೀರುತ್ತದೆ? ಕಟ್ಟಡಗಳ ಮೇಲಿನ ಗಾಳಿಗೆ ಭಾರತೀಯ ಮಾನಕ 875ರ ಮೂರನೆಯ ಭಾಗ ಪ್ರಮಾಣ. ಅದರಲ್ಲಿ ಊರೂರಿಗೆ ಮೂಲ ಗಾಳಿವೇಗ ಕೊಟ್ಟಿದ್ದಾರೆ. ಸೆಕೆಂಡಿಗೆ ಇಷ್ಟು ಮೀಟರ್ ಎಂದು ಲೆಕ್ಕ: ಬೆಂಗಳೂರಿಗೆ 33, ಪುಣೆಗೆ ಮತ್ತು ಮಂಗಳೂರಿಗೆ 39, ಮುಂಬಯಿಗೆ ಮತ್ತು ಹೈದರಾಬಾದಿಗೆ 44, ದೆಹಲಿಗೆ 47, ಚೆನ್ನೈಗೆ 50. ನೋಡಲು ಹೆಚ್ಚು ಅಂತರವಿಲ್ಲ ಅನ್ನಿಸಬಹುದು. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಂಗಳೂರಿನ ಲೆಕ್ಕಕ್ಕೆ ಕಟ್ಟಿದ ಚೌಕಟ್ಟನ್ನು ಹಾಗೇ ಚೆನ್ನೈಗೆ ತಂದಿಟ್ಟರೆ ಅದರ ಮೇಲೆ 2.3 ಪಟ್ಟು ಒತ್ತಡ ಬೀಳುತ್ತದೆ. 2016ರ ಡಿಸೆಂಬರಿನಲ್ಲಿ ವರ್ದಾ ಚಂಡಮಾರುತ ಕಂಡ ಚೆನ್ನೈ ಕೇಳುಗರಿಗೆ ಈ ಅಂಕಿಯ ಅರ್ಥ ಗೊತ್ತಾಗುತ್ತದೆ. ಬೆಂಗಳೂರಿನ ನಿಮ್ಮ ಭಾವಮೈದುನ "ನಾವು ಇಷ್ಟೇ ಪೈಪಿನಲ್ಲಿ ಮುಗಿಸಿದೆವು" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರ ಊರಿನ ಗಾಳಿ ಬೇರೆ, ಅಷ್ಟೇ.

ಮುಂಬಯಿಯ 44ಕ್ಕೆ ಲೆಕ್ಕ ಹಾಕಿದರೆ ಚದರ ಮೀಟರಿಗೆ ಸರಿಸುಮಾರು 118 ಕಿಲೊ. ನಿಮ್ಮ ಹಾಲಿನ ಮಾಡು 74 ಚದರ ಮೀಟರ್. ಅಷ್ಟೂ ಒತ್ತಡ ಮೇಲ್ಮುಖವಾಗಿ ಬಂತು ಎಂದಿಟ್ಟುಕೊಳ್ಳಿ, ಎಂಟೂವರೆ ಟನ್ನಿಗೂ ಹೆಚ್ಚು. ಮಾಡಿನ ಪ್ಯಾನೆಲ್ಲುಗಳ ಒಟ್ಟು ತೂಕ ಮುಕ್ಕಾಲು ಟನ್! ಇದು ಒರಟು ಲೆಕ್ಕ. ಮಾಡಿನ ಇಳಿಜಾರು, ಕಟ್ಟಡದ ಎತ್ತರ, ಸುತ್ತಲಿನ ಮರೆ ಇವುಗಳಿಂದ ಹೆಚ್ಚು ಕಡಿಮೆಯಾಗುತ್ತದೆ. ಮಾಡಿನ ಅಂಚು ಮೂಲೆಗಳಲ್ಲಿ ಇನ್ನೂ ಹೆಚ್ಚು. ಅಂಕಿ ಏನೇ ಬಂದರೂ ಕಂಬದ ಕೆಲಸ ಬದಲಾಗುವುದಿಲ್ಲ. ಮಾಡನ್ನು ಹೊತ್ತು ನಿಲ್ಲುವುದು ಅದರ ಅರ್ಧ ಕೆಲಸ, ಮಾಡನ್ನು ಕೆಳಗೆ ಹಿಡಿದಿಡುವುದು ಇನ್ನರ್ಧ.

ಹಿಡಿಯಬೇಕಾದರೆ ಬುಡ ಬೇಕು. 2024ರ ಮೇ 13ರಂದು ಘಾಟ್‌ಕೋಪರ್‌ನಲ್ಲಿ ಬಿರುಗಾಳಿಗೆ ಹೋರ್ಡಿಂಗ್ ಉರುಳಿ 17 ಜನ ಸತ್ತರು. ಅದೂ ಉಕ್ಕಿನದೇ ಚೌಕಟ್ಟು, ದಪ್ಪ ಉಕ್ಕೇ. ಅಡಿಪಾಯ ಸಾಲದಾಗಿತ್ತು ಎಂಬುದು ಆಮೇಲೆ ತಪಾಸಣೆಯಲ್ಲಿ ಹೊರಬಂತು. ತಾರಸಿಯ ಮೇಲೆ ಕಂಬವನ್ನು ಚಾವಣಿಯ ನಟ್ಟನಡುವೆ ಎಲ್ಲೋ ಬೇಸ್ ಪ್ಲೇಟ್ ಇಟ್ಟು ನಾಲ್ಕು ಬೋಲ್ಟ್ ಹೊಡೆದು ನಿಲ್ಲಿಸುವುದುಂಟು. ಹಾಗೆ ಮಾಡಬಾರದು. ಕೆಳಗಿನ ಕಾಂಕ್ರೀಟ್ ಕಂಬಗಳ ನೇರಕ್ಕೆ ಚಿಕ್ಕ ಕಾಂಕ್ರೀಟ್ ಪೀಠ ಎಬ್ಬಿಸಿ, ಅದರ ಸರಳುಗಳನ್ನು ಹಳೆಯ ಕಂಬಕ್ಕೆ ಹೆಣೆದು, ಪೀಠದ ಮೇಲೆ ಕಂಬ ನಿಲ್ಲಬೇಕು. ಹೀಗಾದರೆ ತಾರಸಿಯ ವಾಟರ್‌ಪ್ರೂಫಿಂಗ್ ಪದರವನ್ನು ಅಲ್ಲಲ್ಲಿ ತೂತು ಮಾಡಿ, ಕೆಳಗಿನ ಮನೆಯವರ ಜೊತೆ ಜಗಳವಾಡುವ ಕಷ್ಟವೂ ತಪ್ಪುತ್ತದೆ. ಆದರೆ ಇದೊಂದು ಷರತ್ತು ಚೌಕಟ್ಟಿನ ಆಯ್ಕೆಯನ್ನೂ ನಿರ್ಧರಿಸಿಬಿಡುತ್ತದೆ. ಹಳೆಯ ಕಂಬಗಳು ಎಲ್ಲಿವೆಯೋ ಅಲ್ಲಿಗೇ ಹೊಸ ಕಂಬ. ನಡುವಿನ ಅಂಕಣ ನಿಮ್ಮ ಇಷ್ಟದಂತೆ ಇರುವುದಿಲ್ಲ.

ಇಲ್ಲಿ ಉಕ್ಕು ಗೆಲ್ಲುತ್ತದೆ, ಅದೂ ಸುಲಭವಾಗಿ. ಉಕ್ಕಿನ ಬಿಗಿತ ಪದರಮರದ ಬಿಗಿತದ ಹದಿನೇಳು ಹದಿನೆಂಟು ಪಟ್ಟು. ಅಷ್ಟೇ ಅಂಕಣಕ್ಕೆ ಮರದ ತೊಲೆ ಹೆಚ್ಚು ಆಳವಿರಬೇಕು, ಅಷ್ಟು ಆಳ ಹೋದರೆ ತಲೆಯ ಮೇಲಿನ ಎತ್ತರ ಕಡಿಮೆಯಾಗುತ್ತದೆ. ಮೇಲಾಗಿ ಮರ ನಿರಂತರ ಭಾರಕ್ಕೆ ವರ್ಷಗಳಲ್ಲಿ ಮೆಲ್ಲಗೆ ಇನ್ನಷ್ಟು ಬಾಗುತ್ತದೆ, ಆ ಲೆಕ್ಕವನ್ನೂ ಸೇರಿಸಬೇಕು. ಉಕ್ಕಿನ ಟ್ರಸ್ಸನ್ನು ತುಂಡು ತುಂಡಾಗಿ ಮೆಟ್ಟಿಲಲ್ಲಿ ಹೊತ್ತು ತಂದು ಮೇಲೆ ಬೋಲ್ಟ್ ಹಾಕಬಹುದು. ಇಪ್ಪತ್ತಡಿಯ ಒಂದೇ ತೊಲೆಯನ್ನು ಕಿರಿದಾದ ಗಲ್ಲಿಯಲ್ಲಿ ಐದನೇ ಮಹಡಿಗೆ ಏರಿಸಲು ಕ್ರೇನ್ ತರಿಸಬೇಕು, ಕ್ರೇನ್ ನಿಲ್ಲಲು ಜಾಗ ಬೇಕು. ನಾಳೆ ಒಂದು ಬೋಲ್ಟ್ ಸಡಿಲವಾದರೆ ನೋಡುವವನು ಮುಂಬಯಿಯ ಯಾವ ಮೂಲೆಯಲ್ಲೂ ಸಿಗುತ್ತಾನೆ. ಗ್ಲೂಲ್ಯಾಮ್ ಬಲ್ಲವರು ನಮ್ಮಲ್ಲಿ ಕಡಿಮೆ. ಇದಕ್ಕೆ ಚರಿತ್ರೆಯೂ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತ್ತು, ಅದು ತೆರವಾದದ್ದು 2020ರಲ್ಲಿ. ಒಂದು ತಲೆಮಾರಿನ ಇಂಜಿನಿಯರುಗಳು, ಕೆಲಸಗಾರರು ಮರದ ದೊಡ್ಡ ತೊಲೆ ಮುಟ್ಟದೆಯೇ ಕಲಿತರು.

ಉಕ್ಕು ಎಂದ ಮಾತ್ರಕ್ಕೆ ಯಾವ ಉಕ್ಕಾದರೂ ನಡೆಯುತ್ತದೆ ಅಂತಲ್ಲ. ಕರಿ ಬಾಕ್ಸ್ ಪೈಪನ್ನು ವೆಲ್ಡ್ ಮಾಡಿ, ಮೇಲೆ ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಎನಾಮೆಲ್ ಹೊಡೆದು ಕೊಡುವುದು ಸಾಮಾನ್ಯ ಪದ್ಧತಿ. ಸಮುದ್ರದ ಗಾಳಿಗೆ ಅದು ಸಾಲದು. ತುಕ್ಕು ಪೈಪಿನ ಒಳಗಿನಿಂದಲೂ ಬರುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಚೌಕಟ್ಟಿನ ಭಾಗಗಳನ್ನು ಕೊರೆದು, ವೆಲ್ಡ್ ಮುಗಿಸಿ, ಆಮೇಲೆ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಕೇಳಿ. ಜಂತೆಗಳಿಗೆ ಬಳಸುವ ಜಿಐ ತಗಡಿನ ಮೇಲೆ ಒಂದೊಂದು ಬದಿಗೆ 20 ಮೈಕ್ರಾನ್ ಸತು ಇದ್ದರೆ, ಹೀಗೆ ಅದ್ದಿದ ಭಾಗದ ಮೇಲೆ ಅದರ ಮೂರು ನಾಲ್ಕು ಪಟ್ಟು ಕೂರುತ್ತದೆ. ಸೈಟಿನಲ್ಲಿ ಬೋಲ್ಟ್ ಮಾತ್ರ. ಅಲ್ಲಿ ಮತ್ತೆ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು.

ಇನ್ನೊಂದು. ಉಕ್ಕು ಶಾಖವನ್ನು ಮರಕ್ಕಿಂತ ಸುಮಾರು 400 ಪಟ್ಟು ಸುಲಭವಾಗಿ ಹಾಯಿಸುತ್ತದೆ. ಕಂಬ ಅಥವಾ ತೊಲೆ ಪ್ಯಾನೆಲ್ಲನ್ನು ಸೀಳಿಕೊಂಡು ಒಳಗಿನಿಂದ ಹೊರಗೆ ಹೋದರೆ ದಪ್ಪ ಪ್ಯಾನೆಲ್ಲಿಗೆ ಕೊಟ್ಟ ದುಡ್ಡು ಅಲ್ಲಿ ಸೋರಿಹೋಗುತ್ತದೆ. ಎಸಿ ಹಾಕಿದ ಕೋಣೆಯಾದರೆ ಆ ತಣ್ಣನೆಯ ಉಕ್ಕಿಗೆ ಹೊರಗಿನ ಒದ್ದೆ ಗಾಳಿ ತಗುಲಿ ನೀರು ಬೆವರುತ್ತದೆ, ಸಂದಿಯಲ್ಲಿ ಕಪ್ಪು ಬೂಸ್ಟು ಹಿಡಿಯುತ್ತದೆ. ಹಾಗಾಗಿ ಚೌಕಟ್ಟು ಪೂರ್ತಿ ಒಳಗಿರಲಿ, ಪ್ಯಾನೆಲ್ ಅದರ ಮೇಲೆ ಹೊರಗಿನಿಂದ ಅಂಗಿಯ ಹಾಗೆ ಹೊದೆಯಲಿ. ಮರದ ಚೌಕಟ್ಟಿಗೆ ಈ ಬೆವರಿನ ಕಾಟ ಬಹಳ ಕಡಿಮೆ, ಅದನ್ನು ಒಪ್ಪಬೇಕು.

ಬೆಂಕಿಯ ವಿಷಯದಲ್ಲಿ ಬಹಳ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ಮರ ಉರಿಯುತ್ತದೆ, ಉಕ್ಕು ಉರಿಯುವುದಿಲ್ಲ, ಆದ್ದರಿಂದ ಉಕ್ಕು ಕ್ಷೇಮ ಎಂದು. ಉಕ್ಕು ಉರಿಯುವುದಿಲ್ಲ, ನಿಜ. ಆದರೆ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುತ್ತದೆ, ತೆಳು ಪೈಪು ಆ ಬಿಸಿಯನ್ನು ಬೇಗನೆ ಮುಟ್ಟುತ್ತದೆ. ದಪ್ಪ ಪದರಮರದ ತೊಲೆ ಹೊರಗಿನಿಂದ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್‌ನಂತೆ ಇದ್ದಿಲಾಗುತ್ತ ಹೋಗುತ್ತದೆ. ಆ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆ. ಅರ್ಧ ಗಂಟೆಗೆ ಒಂದು ಬದಿಯಲ್ಲಿ ಎರಡು ಸೆಂಟಿಮೀಟರಿನಷ್ಟು ಹೋದರೂ ನಡುವಿನ ತಿರುಳು ನಿಂತಿರುತ್ತದೆ. ಬೆಂಕಿಯ ಲೆಕ್ಕವನ್ನೂ ಹಾಕಿ ದಪ್ಪ ಇಟ್ಟಿದ್ದರೆ ಮಾತ್ರ ಈ ಮಾತು. ಜೊತೆಗೆ ಮರದ ಜೋಡಣೆಯ ಉಕ್ಕಿನ ಪ್ಲೇಟು ಬೋಲ್ಟುಗಳು ಬೆಂಕಿಗೆ ಬಯಲಾಗಿರಬಾರದು, ಮರದೊಳಗೆ ಮುಚ್ಚಿರಬೇಕು.

ಆದರೆ ಕಾರ್ಯದರ್ಶಿಗಳೇ, ನಿಮ್ಮ ಹಾಲಿನ ಮಟ್ಟಿಗೆ ಕಂಬಕ್ಕಿಂತ ಮೊದಲು ಹೊತ್ತಿಕೊಳ್ಳಬಹುದಾದದ್ದು ಪ್ಯಾನೆಲ್ಲಿನ ಒಳಗಿನ ನೊರೆ. ಪಾಲಿಯುರಿಥೇನ್ ಉರಿದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಸೇರಿದ ವಿಷದ ಹೊಗೆ. ಥರ್ಮೋಕೋಲ್ ತುಂಬಿದ ಅಗ್ಗದ ಪ್ಯಾನೆಲ್ಲಾದರೆ ಒಳಗೆ ಕರಗಿ ಹನಿಯುತ್ತದೆ. 2017ರ ಡಿಸೆಂಬರಿನಲ್ಲಿ ಕಮಲಾ ಮಿಲ್ಸ್ ಆವರಣದ ತಾರಸಿ ಹೊಟೆಲಿನ ಬೆಂಕಿಯಲ್ಲಿ 14 ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ. ತಾರಸಿಯಿಂದ ಇಳಿಯುವ ದಾರಿ ಬೀದಿಯಷ್ಟು ಸುಲಭವಲ್ಲ. ಮಕ್ಕಳು ಕೂರುವ ಹಾಲಿಗೆ ರಾಕ್‌ವುಲ್ ತುಂಬಿದ ಪ್ಯಾನೆಲ್ಲೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಕಲ್ಲನ್ನು ಕರಗಿಸಿ ಎಳೆ ಮಾಡಿದ್ದು, ಉರಿಯುವುದಿಲ್ಲ. ಬಿಸಿಲು ತಡೆಯುವುದು ನೊರೆಗಿಂತ ಕಡಿಮೆ, ಆದ್ದರಿಂದ ಸರಿಸುಮಾರು ಎರಡು ಪಟ್ಟು ದಪ್ಪ ಬೇಕಾಗುತ್ತದೆ. ತೂಕವೂ ಖರ್ಚೂ ಏರುತ್ತದೆ, ಚೌಕಟ್ಟಿನ ಲೆಕ್ಕವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಮೈಕಿನ ಮುಂದೆ ಕೂರುವುದೇ ಕಸುಬಾದ ನನಗೆ ಇನ್ನೊಂದು ಲಾಭವೂ ಕಾಣುತ್ತದೆ: ರಾಕ್‌ವುಲ್ ಸದ್ದನ್ನೂ ಚೆನ್ನಾಗಿ ತಡೆಯುತ್ತದೆ. ಜುಲೈ ಮಳೆ ತಗಡಿನ ಮೇಲೆ ಬಾರಿಸುವಾಗ ಒಳಗೆ ಚೆಂಡೆ ಕೇಳಬೇಕಲ್ಲ! ಅಕ್ಕಪಕ್ಕದವರಿಗೆ ಚೆಂಡೆ ಕಡಿಮೆ ಕೇಳುವುದೂ ಸಂಘದ ಆಯುಷ್ಯಕ್ಕೆ ಒಳ್ಳೆಯದು.

ಈಗ ಕುಂದಾಪುರದ ಮನೆ. ಇಲ್ಲಿ ನನಗೆ ಮರದ ಕಡೆ ಮನಸ್ಸು ವಾಲುತ್ತದೆ, ಆದರೆ ದಂಪತಿಗಳು ಬರೆದ ಕಾರಣಕ್ಕಲ್ಲ. "ನಮ್ಮ ಅಜ್ಜನ ಮನೆಯ ಕಂಬ ನೂರು ವರ್ಷದಿಂದ ನಿಂತಿದೆ, ಇದೂ ನಿಲ್ಲುತ್ತದಲ್ಲವೇ?" ಎಂದು ಕೇಳಿದ್ದಾರೆ. ಅಮ್ಮಾ, ಅಜ್ಜನ ಮನೆಯ ಕಂಬ ಹಲಸು, ಬೋಗಿ ಅಥವಾ ಸಾಗುವಾನಿಯ ತಿರುಳು. ಗೆದ್ದಲು ಸುಲಭಕ್ಕೆ ಬಾಯಿ ಹಾಕದ ಮರ. ಗ್ಲೂಲ್ಯಾಮ್ ಬಹುಪಾಲು ಪೈನ್ ಅಥವಾ ಸ್ಪ್ರೂಸ್‌ನದು, ಚಳಿ ದೇಶದ ಮೆದು ಮರ. ನಮ್ಮ ಕರಾವಳಿಯ ಗೆದ್ದಲಿಗೆ ಅದು ಹಬ್ಬದೂಟ. ಒತ್ತಡದಲ್ಲಿ ಔಷಧಿ ಏರಿಸಿದ ಮರವೇ ಬೇಕು. ಸ್ಪ್ರೂಸ್ ಔಷಧಿಯನ್ನು ಸರಿಯಾಗಿ ಹೀರುವುದೂ ಇಲ್ಲ, ಪೈನ್ ಹೀರುತ್ತದೆ. ಹಾಗಾಗಿ ಮರದ ಜಾತಿ ಯಾವುದು, ಔಷಧಿ ಯಾವುದು, ಅಂಟು ಹೊರಗಿನ ತೇವ ತಡೆಯುವಂಥದೇ ಎಂಬುದನ್ನು ಬರಹದಲ್ಲಿ ಕೇಳಿ. ಪೀಠೋಪಕರಣಕ್ಕೆ ಮಾರುವ ಫಿಂಗರ್ ಜಾಯಿಂಟ್ ಹಲಗೆಯನ್ನು ದಪ್ಪ ಮಾಡಿ ತೊಲೆ ಎಂದು ಕೊಡಬಂದರೆ ಕೈಮುಗಿದು ಕಳಿಸಿ.

ಅಜ್ಜನ ಮನೆಯಿಂದ ಕಲಿಯಬೇಕಾದದ್ದು ಬೇರೆ ಇದೆ. ಆ ಕಂಬ ಮಣ್ಣಿಗೆ ತಾಗಿರಲಿಲ್ಲ, ಕಲ್ಲಿನ ಪೀಠದ ಮೇಲೆ ಕೂತಿತ್ತು. ಮಾಡು ಗೋಡೆಯಿಂದ ಎಷ್ಟೋ ಮುಂದೆ ಚಾಚಿ ಇರಚಲನ್ನು ದೂರ ಇಡುತ್ತಿತ್ತು. ಗಾಳಿ ಆಡುತ್ತಿತ್ತು. ಮರದೊಳಗಿನ ತೇವ ನೂರಕ್ಕೆ ಇಪ್ಪತ್ತರ ಕೆಳಗಿದ್ದರೆ ಅದು ಕೊಳೆಯುವುದಿಲ್ಲ, ನಮ್ಮ ಹಿರಿಯರು ಅಳೆಯದೆಯೇ ಅದನ್ನು ಸಾಧಿಸಿದ್ದರು. ಪ್ಯಾನೆಲ್ ಮನೆಗಳು ಈಚೆಗೆ ಡಬ್ಬಿಯ ಹಾಗೆ ಚಾಚೇ ಇಲ್ಲದೆ ಏಳುತ್ತಿವೆ. ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಡೆ ಅಂಥ ಡಬ್ಬಿಯ ಹೊರಮೈಗೆ ಮರದ ಕಂಬ ನಿಲ್ಲಿಸುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಕಂಬ ಒಳಗಿರಲಿ, ಬುಡ ನೆಲದಿಂದ ಎತ್ತರಿಸಿದ ಉಕ್ಕಿನ ಪಾದದ ಮೇಲಿರಲಿ, ಮಾಡು ನಾಲ್ಕೂ ಕಡೆ ಮೂರಡಿಯಾದರೂ ಚಾಚಲಿ. ಚಾಚಿದ ಮಾಡನ್ನು ಗಾಳಿ ಅಡಿಯಿಂದಲೂ ಎತ್ತುತ್ತದೆ, ಆ ಲೆಕ್ಕ ಮರೆಯಬಾರದು. ಪ್ಯಾನೆಲ್ಲಿನ ತಿರುಪು ಮರದ ಅಡ್ಡಮೈಗೆ ಆಳವಾಗಿ ಇಳಿಯಬೇಕು, ತೊಲೆಯ ತುದಿಯ ಎಳೆಗಳೊಳಗೆ ಹೊಡೆದ ತಿರುಪಿಗೆ ಹಿಡಿತ ಕಡಿಮೆ. ಸಮುದ್ರ ಹತ್ತಿರವಿದ್ದರೆ ತಿರುಪು ಸ್ಟೇನ್‌ಲೆಸ್ ಸ್ಟೀಲಿನದಾಗಲಿ.

ಇಷ್ಟೆಲ್ಲ ಮಾಡಿದರೆ ಮರದಿಂದ ಏನು ಲಾಭ? ಉಪ್ಪು ಗಾಳಿ ಮರದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಪರದೇಶಗಳಲ್ಲಿ ಈಜುಕೊಳದ ಚಾವಣಿಗೆ, ಉಪ್ಪಿನ ಗೋದಾಮುಗಳಿಗೆ ಗ್ಲೂಲ್ಯಾಮ್ ಬಳಸುವುದು ಇದೇ ಕಾರಣಕ್ಕೆ. ನೆಲದ ಮೇಲಿನ ಒಂದಂತಸ್ತಿನ ಮನೆಯಲ್ಲಿ ಎತ್ತರದ ಕೊರತೆಯಿಲ್ಲ, ಕ್ರೇನಿನ ಕಷ್ಟವಿಲ್ಲ. ತಗಡಿನ ನಾಲ್ಕು ಗೋಡೆಯ ನಡುವೆ ಕಣ್ಣಿಗೆ ಕಾಣುವ ಮರದ ತೊಲೆ ಇದ್ದರೆ ಅದು ಮನೆ ಅನ್ನಿಸುತ್ತದೆ, ಸೈಟ್ ಆಫೀಸು ಅನ್ನಿಸುವುದಿಲ್ಲ. ಇದೂ ಒಂದು ಲಾಭವೇ, ನಾನು ಇದನ್ನು ಸಣ್ಣದೆಂದು ಎಣಿಸುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಔಷಧಿ ಏರಿಸಿದ ಒಳ್ಳೆಯ ಪದರಮರ ಕೈಗೆಟುಕದಿದ್ದರೆ ಅರೆಬರೆ ಮರಕ್ಕಿಂತ ಸತುವಿನಲ್ಲಿ ಅದ್ದಿದ ಉಕ್ಕನ್ನೇ ಹಾಕಿಸಿ, ಕಾಣುವ ಕಡೆ ಊರಿನ ಹಲಸಿನ ಹಲಗೆಯ ಹೊದಿಕೆ ಕೊಡಿಸಿ. ಅದರಲ್ಲಿ ಅವಮಾನವೇನಿಲ್ಲ.

ಇಬ್ಬರಿಗೂ ಒಂದು ಮಾತು. ಪ್ಯಾನೆಲ್ ಮಾರುವವರ ಕೊಟೇಶನ್ನಿನಲ್ಲಿ ದಪ್ಪ, ಬಣ್ಣ, ಚದರಡಿಯ ದರ ಇರುತ್ತವೆ. ಅಷ್ಟು ಸಾಲದು. ಪರವಾನಗಿ ಇರುವ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಹಾಕಿದ ಒಂದು ಹಾಳೆ ಬೇಕು. ಯಾವ ಗಾಳಿವೇಗಕ್ಕೆ ಲೆಕ್ಕ ಹಾಕಿದ್ದಾರೆ, ಒಂದೊಂದು ಕಂಬದ ಬುಡವನ್ನು ಎಷ್ಟು ಬಲ ಮೇಲಕ್ಕೆ ಎಳೆಯುತ್ತದೆ, ಅದನ್ನು ಯಾವ ಬೋಲ್ಟ್ ಹಿಡಿಯುತ್ತದೆ, ಒಂದು ಪ್ಯಾನೆಲ್ಲಿಗೆ ಎಷ್ಟು ತಿರುಪು ಎಂಬುದು ಅದರಲ್ಲಿರಬೇಕು. ತಾರಸಿಯಾದರೆ ಕೆಳಗಿನ ಕಟ್ಟಡ ಈ ಭಾರ ತಾಳುತ್ತದೆ ಎಂಬ ಮಾತೂ, ಪಾಲಿಕೆಯ ಅನುಮತಿಯೂ ಜೊತೆಗಿರಬೇಕು. ಕಾರ್ಯದರ್ಶಿಗಳೇ, ಫ್ಯಾಬ್ರಿಕೇಟರ್ ಅಡ್ವಾನ್ಸ್ ಕೇಳುತ್ತಿದ್ದಾನೆ ಎಂದು ಬರೆದಿದ್ದೀರಿ. ಆ ಹಾಳೆ ಕೈಗೆ ಬಂದ ಮೇಲೆ ಕೊಡಿ.